‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಅಷ್ಟು ಕರಾಳವಾಗಿದ್ದರೂ ಮನಸ್ಸು ಕುಗ್ಗುವುದಿಲ್ಲ, ಯಾಕೆ?

ಅಲ್ಲಿ ಒಂದೊಂದು ಜೀವವೂ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ. 2004ರ ಈ ವೈಜ್ಞಾನಿಕ ಕಾಲ್ಪನಿಕ ಟಿವಿ ಧಾರಾವಾಹಿಯಲ್ಲಿ ಸೈಲಾನ್ ಎಂಬ ಯಂತ್ರಮಾನವರ ದಾಳಿಯ ನಂತರ ಇಡೀ ಮನುಕುಲದಲ್ಲಿ ಸುಮಾರು 50,000 ಜನ ಮಾತ್ರ ಉಳಿದು, ಬಾಹ್ಯಾಕಾಶ ಹಡಗುಗಳಲ್ಲಿ ಓಡುತ್ತಿರುತ್ತಾರೆ. ಅಧ್ಯಕ್ಷೆ ರೋಸ್ಲಿನ್ ಆ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದಿಡುತ್ತಾರೆ. ‘33’ ಎಂಬ ಕಂತಿನಲ್ಲಿ 33 ನಿಮಿಷಕ್ಕೊಮ್ಮೆ ದಾಳಿ. ಯಾರಿಗೂ ನಿದ್ದೆಯಿಲ್ಲ, ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಕೊನೆಗೆ ಹಡಗೊಂದರಲ್ಲಿ ಮಗು ಹುಟ್ಟುತ್ತದೆ. ರೋಸ್ಲಿನ್ ಒಂದನ್ನು ಕೂಡಿಸುತ್ತಾರೆ, ಅಷ್ಟೇ. ಸಾವು ಹತ್ತಿರವಿದ್ದಾಗ ಪಕ್ಕದಲ್ಲಿರುವವರ ಬೆಲೆ ಜಾಸ್ತಿ ಆಗುತ್ತದೆ, ಅಲ್ವಾ? ಮೊದಲು ಜಗಳವಾಡುವ ಸೇನಾಧಿಕಾರಿ ಅಡಾಮಾ ಮತ್ತು ರೋಸ್ಲಿನ್ ನಿಧಾನವಾಗಿ ಹತ್ತಿರವಾಗುವುದೂ ಹೀಗೆಯೇ. ದಾವಣಗೆರೆಯ ನಮ್ಮ ಮನೆಯಲ್ಲಿ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ನೋಡುತ್ತಿದ್ದೆವು. ಆ ಮಗುವಿನ ಸುದ್ದಿ ಬಂದಾಗ ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತ್ತು.