ಟಿಎಸ್‌ಎಚ್ ಜಾಸ್ತಿ, ಕಾರ್ಟಿಸೋಲ್ ಕಡಿಮೆ: ಮೊದಲು ಯಾವ ಮಾತ್ರೆ?

ಪ್ರಶ್ನೆ: ನನಗೆ 36 ವರ್ಷ, ವಿಜಯನಗರದಲ್ಲಿದ್ದೇನೆ. ಆರು ತಿಂಗಳಿಂದ ವಿಪರೀತ ಸುಸ್ತು, 7 ಕೆಜಿ ಇಳಿದೆ. ಉಪ್ಪಿನಕಾಯಿ ಇಲ್ಲದೆ ಊಟವೇ ಸೇರುತ್ತಿರಲಿಲ್ಲ. ಬಿಸಿಲಲ್ಲಿ ಸ್ಕೂಟರ್ ಓಡಿಸಿ ಕಪ್ಪಾಗಿದ್ದೀಯ ಅಂತ ಮನೆಯವರು ಹೇಳುತ್ತಿದ್ದರು. ಹೆಲ್ತ್ ಚೆಕಪ್‌ನಲ್ಲಿ ಟಿಎಸ್‌ಎಚ್ 8.4 ಬಂತು, ಥೈರಾಯ್ಡ್ ಹಾರ್ಮೋನ್ ಫ್ರೀ ಟಿ4 ನಾರ್ಮಲ್. ಹತ್ತಿರದ ಡಾಕ್ಟರ್ ಥೈರಾಕ್ಸಿನ್ 50 ಬರೆದುಕೊಟ್ಟರು. ಎರಡು ವಾರಕ್ಕೆ ವಾಂತಿ, ತಲೆಸುತ್ತು ಜಾಸ್ತಿಯಾಗಿ ಆಸ್ಪತ್ರೆ ಸೇರಿದೆ. ಅಲ್ಲಿ ಬೆಳಗಿನ ಕಾರ್ಟಿಸೋಲ್ 1.8 ಇದೆ, ಇದು ಅಡಿಸನ್ ಕಾಯಿಲೆ ಎಂದು ಹೈಡ್ರೋಕಾರ್ಟಿಸೋನ್ ಶುರು ಮಾಡಿದರು. ಥೈರಾಯ್ಡ್ ಮಾತ್ರೆ ಸದ್ಯಕ್ಕೆ ಬೇಡ ಅಂದರು. ಟಿಎಸ್‌ಎಚ್ ಜಾಸ್ತಿ ಇದ್ದರೂ ಬೇಡವೇ? ನನಗೆ ಎರಡು ಕಾಯಿಲೆ ಇದೆಯೇ?

ಉತ್ತರ: ಸದ್ಯಕ್ಕೆ ಬೇಡ ಎಂದವರು ಸರಿಯಾಗಿಯೇ ಹೇಳಿದ್ದಾರೆ. ಎರಡು ಕಾಯಿಲೆ ಇದೆಯೇ ಎಂದು ಇವತ್ತು ಯಾರೂ ಹೇಳಲಾಗದು. ಆ 8.4 ಅನ್ನು ಇನ್ನೂ ನಂಬುವ ಹಾಗಿಲ್ಲ.

ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನ್ ತಯಾರಿಸುತ್ತವೆ. ಅಡಿಸನ್‌ನಲ್ಲಿ ಆ ಗ್ರಂಥಿಗಳೇ ಹಾಳಾಗಿ ಕಾರ್ಟಿಸೋಲ್ ಸಾಲದಾಗುತ್ತದೆ. ಆ ಕೊರತೆ ತುಂಬುವ ಮಾತ್ರೆಯೇ ಹೈಡ್ರೋಕಾರ್ಟಿಸೋನ್. ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವ ಟಿಎಸ್‌ಎಚ್ ಬರುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ. ಅದು ಮಿತಿ ಮೀರದಂತೆ ಕಾರ್ಟಿಸೋಲ್ ಸ್ವಲ್ಪ ಹಿಡಿದಿಡುತ್ತದೆ. ಆ ಹಿಡಿತ ತಪ್ಪಿದಾಗ ಥೈರಾಯ್ಡ್ ಚೆನ್ನಾಗಿದ್ದರೂ ಟಿಎಸ್‌ಎಚ್ ಏರಬಹುದು. ಹೈಡ್ರೋಕಾರ್ಟಿಸೋನ್ ಸಿಕ್ಕ ಮೇಲೆ ಎಷ್ಟೋ ಜನರಲ್ಲಿ ಅದು ತಾನಾಗಿಯೇ ಇಳಿಯುತ್ತದೆ.

ಹಾಗಾದರೆ ಥೈರಾಕ್ಸಿನ್ ತಿಂದದ್ದಕ್ಕೆ ವಾಂತಿ ಯಾಕೆ? ಥೈರಾಕ್ಸಿನ್ ದೇಹದ ಓಟವನ್ನು ಹೆಚ್ಚಿಸುತ್ತದೆ, ಇರುವ ಕಾರ್ಟಿಸೋಲನ್ನೂ ಬೇಗ ಖಾಲಿ ಮಾಡಿಸುತ್ತದೆ. ತಿಂಗಳ ಕೊನೆಯಲ್ಲಿ ಕೈಯಲ್ಲಿ ಚಿಲ್ಲರೆ ಕಾಸಷ್ಟೇ ಇರುವಾಗ ಮನೆ ತುಂಬ ನೆಂಟರು ಬಂದ ಹಾಗೆ. ಇದು ಪ್ರಾಣಕ್ಕೇ ಕುತ್ತಾಗಬಲ್ಲದು. ಅದಕ್ಕೇ ಎರಡೂ ಬೇಕಾದಾಗ ಹೈಡ್ರೋಕಾರ್ಟಿಸೋನ್ ಮೊದಲು, ಥೈರಾಕ್ಸಿನ್ ಆಮೇಲೆ.

ಮೊದಲ ಡಾಕ್ಟರನ್ನು ಸುಮ್ನೆ ಬೈಯಬೇಡಿ. ಸುಸ್ತು, ಜೊತೆಗೆ 8.4 ಎಂದರೆ ಯಾರಿಗಾದರೂ ಥೈರಾಯ್ಡೇ ನೆನಪಾಗುತ್ತದೆ. ಆದರೆ ನಿಮ್ಮ ಪತ್ರದಲ್ಲೇ ಸುಳಿವುಗಳಿದ್ದವು. ಥೈರಾಯ್ಡ್ ಕಡಿಮೆಯಾದವರ ತೂಕ ಸಾಮಾನ್ಯವಾಗಿ ಏರುತ್ತದೆ, ನಿಮ್ಮದು 7 ಕೆಜಿ ಇಳಿದಿದೆ. ಉಪ್ಪಿನಕಾಯಿಯ ಆಸೆ ನಾಲಿಗೆ ಚಪಲವಲ್ಲ, ದೇಹದ ಉಪ್ಪು ಮೂತ್ರದಲ್ಲಿ ಸೋರಿಹೋಗುತ್ತಿತ್ತು. ಇನ್ನು ಮೈಬಣ್ಣ. ಬಿಸಿಲಿಗೆ ಕಪ್ಪಾದರೆ ಮುಖ, ತೋಳು ಕಪ್ಪಾಗುತ್ತವೆ. ಅಂಗೈ ಗೆರೆ, ಒಸಡು, ಹಳೇ ಗಾಯದ ಕಲೆ ಕಪ್ಪಾಗುವುದು ಬಿಸಿಲಿನ ಕೆಲಸ ಅಲ್ವಲ್ಲ? ಒಮ್ಮೆ ಅಂಗೈ ನೋಡಿಕೊಳ್ಳಿ. ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಇದೇ ಬಣ್ಣದ ಬದಲಾವಣೆಯನ್ನು ಗುರುತಿಸಿದ್ದರು. ಆಗ ಹಾರ್ಮೋನ್ ಪರೀಕ್ಷೆಯೇ ಇರಲಿಲ್ಲ.

ಹೈಡ್ರೋಕಾರ್ಟಿಸೋನ್ ಶುರುವಾಗಿ ಆರರಿಂದ ಎಂಟು ವಾರ ಕಳೆದ ಮೇಲೆ ಟಿಎಸ್‌ಎಚ್, ಫ್ರೀ ಟಿ4 ಮತ್ತೆ ಮಾಡಿಸಿ. ಜೊತೆಗೆ ಆಂಟಿ ಟಿಪಿಒ ಎಂಬ ಪ್ರತಿಕಾಯದ ಪರೀಕ್ಷೆ ಕೂಡ. ಅಡಿಸನ್ ಇರುವ ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಥೈರಾಯ್ಡ್ ಮೇಲೂ ದಾಳಿ ಮಾಡಿರುತ್ತದೆ. ಆಂಟಿ ಟಿಪಿಒ ಪಾಸಿಟಿವ್ ಬಂದು, ಆಗ ಟಿಎಸ್‌ಎಚ್ 10 ದಾಟಿದ್ದರೆ ಅಥವಾ ಫ್ರೀ ಟಿ4 ಇಳಿದಿದ್ದರೆ, ಎರಡನೇ ಕಾಯಿಲೆಯೂ ನಿಜ. ಆಗ ಥೈರಾಕ್ಸಿನ್ ಸಣ್ಣ ಡೋಸಿನಿಂದ ಶುರುವಾಗುತ್ತದೆ. (ಆ ಮಾತ್ರೆ ನುಂಗಿದ ಮೇಲೆ ಫಿಲ್ಟರ್ ಕಾಫಿಗೆ ಕನಿಷ್ಠ ಅರ್ಧ ಗಂಟೆ ಕಾಯಬೇಕು. ನನ್ನ ಹತ್ತಿರ ಜನ ಜಾಸ್ತಿ ಚೌಕಾಸಿ ಮಾಡುವುದು ಇದಕ್ಕೇ.) ನಮ್ಮ ದೇಶದಲ್ಲಿ ಟಿಬಿಯಿಂದಲೂ ಅಡ್ರಿನಲ್ ಹಾಳಾಗುತ್ತದೆ. ಸ್ಕ್ಯಾನ್ ಆಗಿದೆಯೇ ಎಂದು ಕೇಳಿ.

ಕೂದಲು ಉದುರುವುದಕ್ಕೆ ಬಯೋಟಿನ್ ತಗೋತೀರಾ? ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಕೆಲವು ಲ್ಯಾಬ್ ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ, ಕಾರ್ಟಿಸೋಲನ್ನು ಜಾಸ್ತಿ ತೋರಿಸುತ್ತದೆ. ಕಾರ್ಟಿಸೋಲ್ ನೋಡುವುದಿದ್ದರೆ ರಕ್ತ ಬೆಳಿಗ್ಗೆ 8ರ ಸುಮಾರಿಗೇ ಕೊಡಬೇಕು. ಮನೆಗೆ ಬರುವ ಲ್ಯಾಬ್ ಹುಡುಗ ಟ್ರಾಫಿಕ್ ದಾಟಿ 11ಕ್ಕೆ ಬಂದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ನಿಮ್ಮಂಥದೇ ಸುಸ್ತಿರುವ ಇತರ ಓದುಗರಿಗೆ ಒಂದು ಮಾತು. ಟಿಎಸ್‌ಎಚ್ ನಾರ್ಮಲ್, ಫ್ರೀ ಟಿ4 ಮಾತ್ರ ಕಡಿಮೆ ಬಂದರೆ ಪಿಟ್ಯುಟರಿಯನ್ನೇ ಅನುಮಾನಿಸಬೇಕು. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿ, ಎದೆಹಾಲು ಬರದೆ, ಮುಟ್ಟು ನಿಂತವರು ಇದನ್ನು ಡಾಕ್ಟರಿಗೆ ಹೇಳಲೇಬೇಕು. ಇವರ ಮೈ ಕಪ್ಪಾಗುವುದಿಲ್ಲ. ಆದರೆ ಅಡ್ರಿನಲ್‌ಗೂ ಅಪ್ಪಣೆ ಕೊಡುವುದು ಪಿಟ್ಯುಟರಿಯೇ, ಹಾಗಾಗಿ ಇಲ್ಲೂ ಕಾರ್ಟಿಸೋಲ್ ನೋಡಿಯೇ ಥೈರಾಕ್ಸಿನ್.

ಹೈಡ್ರೋಕಾರ್ಟಿಸೋನ್ ಅನ್ನು ಒಂದು ದಿನವೂ ತಪ್ಪಿಸಬೇಡಿ. ಜ್ವರ ಬಂದರೆ ಡೋಸ್ ಎರಡು ಮೂರು ಪಟ್ಟು ಮಾಡಬೇಕಾಗುತ್ತದೆ. ಎಷ್ಟು ಎಂದು ಈಗಲೇ ಬರೆಸಿಕೊಂಡು ಪರ್ಸಿನಲ್ಲಿ ಇಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ, ಅಡಿಸನ್ ಇದೆ ಎಂದು ಬಾಗಿಲಲ್ಲೇ ಹೇಳಿ. ಅಲ್ಲಿ ಮೊದಲು ಆಗಬೇಕಾದದ್ದು ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್. ಥೈರಾಯ್ಡ್ ರಿಪೋರ್ಟ್ ಆಮೇಲೆ ತೋರಿಸಿದರಾಯಿತು.