ಓದುಗರ ಪ್ರಶ್ನೆ: ಮಳೆಯ ಮೂರನೆಯ ದಿನಕ್ಕೂ ಒದಗುವ ವ್ಯಾನು

ಪ್ರಶ್ನೆ: ಮನೆಯನ್ನು ಬಿಟ್ಟುಕೊಟ್ಟು, ಇನ್ನು ಮುಂದೆ ಕ್ಯಾಂಪರ್ ವ್ಯಾನಿನಲ್ಲೇ ವಾಸಿಸುತ್ತ ಊರೂರು ಸುತ್ತಬೇಕೆಂದು ನಿಶ್ಚಯಿಸಿದ್ದೇನೆ. ನನ್ನ ಜೊತೆಗೆ ಯಾರೂ ಇರುವುದಿಲ್ಲ. ವಯಸ್ಸು 54, ಎತ್ತರ 168 ಸೆಂಟಿಮೀಟರ್. ದಿನಕ್ಕೆ ನಾಲ್ಕೈದು ಗಂಟೆ ಲ್ಯಾಪ್‌ಟಾಪಿನಲ್ಲಿ ಅನುವಾದದ ಕೆಲಸ ಮಾಡುತ್ತೇನೆ. ಐದು ಮೀಟರಿಗಿಂತ ಚಿಕ್ಕದಾದ, ಚಾವಣಿಯನ್ನು ಮೇಲಕ್ಕೆತ್ತಬಹುದಾದ ವ್ಯಾನು, ಸುಮಾರು 5.4 ಮೀಟರ್ ಉದ್ದದ ಎತ್ತರ ಚಾವಣಿಯ ವ್ಯಾನು, ಆರು ಮೀಟರಿನ ವ್ಯಾನು, ಈ ಮೂರರ ನಡುವೆ ನಿರ್ಧಾರವಾಗುತ್ತಿಲ್ಲ. ಒಬ್ಬರಿಗೆ ಚಿಕ್ಕದೇ ಸಾಕು ಎಂದು ಕೆಲವರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ರಜೆಗೆಂದು ಹೋಗುವವರಿಗೆ ಆ ಮಾತು ಸರಿ. ವರ್ಷವಿಡೀ ವ್ಯಾನಿನಲ್ಲೇ ಬಾಳುವವರಿಗೆ ಅದು ಅರ್ಧ ಮಾತ್ರ ಸರಿ. ರಜೆಯಲ್ಲಿ ಹೋದವರು ಹಗಲೆಲ್ಲ ಹೊರಗಿದ್ದು, ರಾತ್ರಿ ಮಲಗಲು ಮಾತ್ರ ಒಳಗೆ ಬರುತ್ತಾರೆ; ಹವೆ ಕೆಟ್ಟರೆ ಮನೆಗೆ ಹಿಂತಿರುಗುತ್ತಾರೆ. ನಿಮಗೆ ಹಿಂತಿರುಗಲು ಬೇರೆ ಮನೆಯಿರುವುದಿಲ್ಲ. ಆದ್ದರಿಂದ ಯಾವುದೇ ವ್ಯಾನನ್ನು ನೋಡಲು ಹೋದಾಗ, ಹೊರಗೆ ಬಿಸಿಲಿದ್ದರೂ, ಎಡೆಬಿಡದೆ ಸುರಿಯುವ ಮಳೆಯ ಮೂರನೆಯ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಗಿಲು ಮುಚ್ಚಿ ಒಳಗೆ ಕುಳಿತುಕೊಳ್ಳಿ. ಒದ್ದೆಯಾದ ಕೋಟನ್ನು ಎಲ್ಲಿ ತೂಗುಹಾಕುತ್ತೀರಿ, ಪ್ಯಾಂಟನ್ನು ನಿಂತು ಹಾಕಿಕೊಳ್ಳಲು ಆಗುತ್ತದೆಯೇ, ಹಾಸಿಗೆಯನ್ನು ಮಡಚದೆ ಕೆಲಸಕ್ಕೆ ಕೂರಬಹುದೇ ಎಂಬುದನ್ನು ಅಲ್ಲೇ ಮಾಡಿ ನೋಡಿ. ನನ್ನ ತೀರ್ಮಾನವನ್ನು ಮೊದಲೇ ಹೇಳುವುದಾದರೆ, ನಿಮಗೆ ಹೊಂದುವುದು 5.4 ಮೀಟರಿನ, ಎತ್ತರ ಚಾವಣಿಯ ವ್ಯಾನು.

ಮೊದಲ ಕಾರಣ, ನಿಲ್ಲುವ ಎತ್ತರ. ಚಾವಣಿ ಮೇಲೇಳುವ ವ್ಯಾನುಗಳಿಗೆ, ಉದಾಹರಣೆಗೆ ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾದಂಥವುಗಳಿಗೆ, ದೊಡ್ಡ ಗುಣವೊಂದಿದೆ: ಚಾವಣಿಯನ್ನು ಇಳಿಸಿದಾಗ ಅವುಗಳ ಎತ್ತರ ಎರಡು ಮೀಟರಿನ ಆಸುಪಾಸಿನಲ್ಲೇ ಇರುವುದರಿಂದ, ಎತ್ತರದ ಮಿತಿಯಿರುವ ಅನೇಕ ನಿಲುಗಡೆ ತಾಣಗಳಿಗೆ ಕಾರಿನಂತೆಯೇ ನುಗ್ಗಬಹುದು. ಗಾಳಿಯ ತಡೆ ಕಡಿಮೆಯಾಗುವುದರಿಂದ ಇಂಧನವೂ ಉಳಿಯುತ್ತದೆ. ಆದರೆ ನಿಂತುಕೊಳ್ಳಬೇಕಾದ ಪ್ರತಿ ಸಲವೂ ಚಾವಣಿಯನ್ನು ಎತ್ತಲೇಬೇಕು. ಎತ್ತಿದಾಗ ಸುತ್ತಲಿನ ಗೋಡೆ ಬಟ್ಟೆಯದು. ಚಳಿ ಅದರ ಮೂಲಕ ಇಳಿದುಬರುತ್ತದೆ, ಜೋರು ಗಾಳಿಗೆ ಅದು ರಾತ್ರಿಯಿಡೀ ಪಟಪಟ ಬಡಿಯುತ್ತದೆ, ಒದ್ದೆಯಾದ ಬಟ್ಟೆಯನ್ನು ಹಾಗೆಯೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಚಾವಣಿ ಎದ್ದಿರುವ ವ್ಯಾನು, ಒಳಗೆ ಯಾರೋ ಮಲಗಿದ್ದಾರೆಂದು ದೂರದಿಂದಲೇ ಸಾರಿ ಹೇಳುತ್ತದೆ. ಅದನ್ನು ಇಳಿಸದೆ ಹೊರಡುವಂತೆಯೂ ಇಲ್ಲ. ಒಬ್ಬರೇ ಪಯಣಿಸುವವರಿಗೆ, ಮಧ್ಯರಾತ್ರಿ ಜಾಗ ಸರಿಯಿಲ್ಲವೆನ್ನಿಸಿದ ಕೂಡಲೇ, ಹೊರಗೆ ಕಾಲಿಡದೆ ಹಾಸಿಗೆಯಿಂದೆದ್ದು ಚಾಲಕನ ಸೀಟಿನಲ್ಲಿ ಕುಳಿತು ಹೊರಟುಬಿಡುವ ಅನುಕೂಲ ಬೇಕೇ ಬೇಕು. ಸೀಟಿಗೂ ಒಳಭಾಗಕ್ಕೂ ನಡುವೆ ತಡೆಗೋಡೆಯಿರುವ ವ್ಯಾನುಗಳನ್ನು ಇದೇ ಕಾರಣಕ್ಕೆ ಪಟ್ಟಿಯಿಂದ ತೆಗೆದುಹಾಕಿ.

ಎರಡನೆಯದು ಹಾಸಿಗೆ. ಫಿಯಟ್ ಡ್ಯುಕಾಟೊದಂಥ ವ್ಯಾನಿನ ಒಳ ಅಗಲ ಸುಮಾರು 1.87 ಮೀಟರ್, ಶಾಖನಿರೋಧಕ ಪದರ ಮತ್ತು ಹಲಗೆಗಳನ್ನು ಹೊದಿಸಿದ ಮೇಲೆ ಅದು ಇನ್ನಷ್ಟು ಕಿರಿದಾಗುತ್ತದೆ. ಹಾಗಿದ್ದರೂ ನಿಮ್ಮ ಎತ್ತರದವರು ಅದರಲ್ಲಿ ಅಡ್ಡಲಾಗಿ ಮಲಗಬಹುದು, ಮತ್ತು ಇಡೀ ಲೆಕ್ಕಾಚಾರ ಬದಲಾಗುವುದೇ ಇಲ್ಲಿ. ಅಡ್ಡಲಾಗಿ ಮಲಗುವವರಿಗೆ ವ್ಯಾನಿನ ಉದ್ದದಲ್ಲಿ ಹಾಸಿಗೆ ನುಂಗುವುದು ಒಬ್ಬರ ಅಗಲವನ್ನು, ಅಂದರೆ ಎಂಬತ್ತು ತೊಂಬತ್ತು ಸೆಂಟಿಮೀಟರನ್ನು ಮಾತ್ರ. ಉದ್ದಕ್ಕೆ ಮಲಗುವವರಿಗೆ ಎರಡು ಮೀಟರಿನಷ್ಟು ಬೇಕಾಗುತ್ತದೆ. ಮಾರಾಟಕ್ಕಿರುವ ಹೆಚ್ಚಿನ ವ್ಯಾನುಗಳನ್ನು ಇಬ್ಬರಿಗೆಂದು ರೂಪಿಸಿರುವುದರಿಂದ ಅವುಗಳ ಹಾಸಿಗೆ ನಿಮಗೆ ಬೇಕಾದುದಕ್ಕಿಂತ ಅಗಲವಾಗಿರುತ್ತದೆ. ಅದನ್ನು ಕಿರಿದು ಮಾಡಿಸಿ ಉಳಿದ ಜಾಗವನ್ನು ಮೇಜಿಗೆ ಕೊಡಿಸಲು ಸಾಧ್ಯವೇ ಎಂದು ಕೇಳಿ. ನನ್ನ ಮೊದಲ ವ್ಯಾನಿನಲ್ಲಿ ಸೀಟೇ ರಾತ್ರಿ ಹಾಸಿಗೆಯಾಗುತ್ತಿತ್ತು. ಮೊದಲ ತಿಂಗಳು ಅದು ಜಾಣ ಏರ್ಪಾಡೆನ್ನಿಸಿತ್ತು. ಜ್ವರ ಬಂದು ಮಲಗಿದ ದಿನ, ಗಂಜಿ ಕಾಯಿಸಿಕೊಳ್ಳಲೂ ಹಾಸಿಗೆ ಮಡಚಬೇಕಾಗಿ ಬಂದಾಗ, ಸ್ಥಿರವಾದ ಹಾಸಿಗೆಯ ಬೆಲೆ ನನಗೆ ತಿಳಿಯಿತು. ನೀವು ಇದೊಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಡ್ಯುಕಾಟೊದ ಮಧ್ಯಮ ಎತ್ತರದ ಮಾದರಿಯ ಹೊರ ಎತ್ತರ ಸುಮಾರು 2.5 ಮೀಟರ್, ಒಳಗಿನದು 1.93 ಮೀಟರ್, ನೆಲ ಮತ್ತು ಚಾವಣಿಯ ಹೊದಿಕೆಗೆ ಕೆಲವು ಸೆಂಟಿಮೀಟರ್ ಹೋದರೂ ನೀವು ನೆಟ್ಟಗೆ ನಿಲ್ಲಬಹುದು. ಇದೇ ವ್ಯಾನು 5.41 ಮತ್ತು 5.99 ಮೀಟರ್ ಉದ್ದಗಳಲ್ಲಿ ದೊರೆಯುತ್ತದೆ. ಆರು ಮೀಟರಿನದರಲ್ಲಿ ಹೆಚ್ಚಾಗಿ ಸಿಗುವ ಆ ಅರ್ಧ ಮೀಟರು ಇಬ್ಬರಿದ್ದಾಗ ನಿಜಕ್ಕೂ ವರವೇ ಸರಿ. ಒಬ್ಬರಿಗೆ, ಹಾಸಿಗೆಯನ್ನು ಅಡ್ಡ ಹಾಕಿದ ಮೇಲೆ, ಅದರ ಅಗತ್ಯ ಕಡಿಮೆ. ಆದರೆ ಕಾರಿಗೆಂದು ಗೆರೆ ಎಳೆದ ಜಾಗದಲ್ಲಿ ನಿಲ್ಲಿಸುವಾಗ, ಇಕ್ಕಟ್ಟಾದ ಬೀದಿಯಲ್ಲಿ ತಿರುಗಿಸುವಾಗ, ಹಿಂದೆ ನಿಂತು ದಾರಿ ತೋರಿಸುವವರಿಲ್ಲದೆ ಹಿಮ್ಮುಖವಾಗಿ ಚಲಿಸುವಾಗ ಅದರ ಕಷ್ಟ ದಿನವೂ ಎದುರಾಗುತ್ತದೆ. ನೀವು 185 ಸೆಂಟಿಮೀಟರ್ ಎತ್ತರದವರಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ಇನ್ನು, ಖರೀದಿಗೆ ಹೋದವರು ಕೇಳಲು ಮರೆಯುವ ಸಂಗತಿ ತೂಕ. ಈ ವರ್ಗದ ವ್ಯಾನುಗಳ ಗರಿಷ್ಠ ಅನುಮತಿತ ತೂಕ ಸಾಮಾನ್ಯವಾಗಿ 3,500 ಕಿಲೋ. ಒಳಾಂಗಣವೆಲ್ಲ ಮುಗಿದ ವ್ಯಾನು 2,800 ಕಿಲೋ ತೂಗುತ್ತದೆಂದುಕೊಂಡರೆ ನಿಮ್ಮ ಇಡೀ ಸಂಸಾರಕ್ಕೆ ಉಳಿಯುವುದು 700 ಕಿಲೋ. ಇದು ಧಾರಾಳವೆಂದು ತೋರಬಹುದು. ಆದರೆ ನೂರು ಲೀಟರ್ ನೀರೆಂದರೆ ನೂರು ಕಿಲೋ. ಅದರ ಮೇಲೆ ವ್ಯಾನಿನ ಪಕ್ಕಕ್ಕೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರ, ಸೈಕಲ್ಲು, ಉಪಕರಣಗಳು, ಚಳಿಗಾಲದ ಬಟ್ಟೆ, ನಿಮ್ಮಂಥವರ ವಿಷಯದಲ್ಲಿ ನಿಘಂಟುಗಳು ಸೇರುತ್ತ ಹೋಗುತ್ತವೆ. ಮಾರುವವರು ಕೊಡುವ ಕರಪತ್ರದಲ್ಲಿನ ಅಂಕಿಯು ಆಮೇಲೆ ಜೋಡಿಸಿದ ಸಲಕರಣೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲವಾದ್ದರಿಂದ, ಹಣ ಕೊಡುವ ಮೊದಲು ಆ ವ್ಯಾನನ್ನೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ ಎಂದು ಒತ್ತಾಯಿಸಿ. ಒಟ್ಟು ತೂಕವಲ್ಲದೆ ಹಿಂದಿನ ಮತ್ತು ಮುಂದಿನ ಆಕ್ಸಲ್‌ಗಳ ಮೇಲೆ ಬೀಳುವ ತೂಕವನ್ನು ಬೇರೆ ಬೇರೆಯಾಗಿ ನೋಡಬೇಕು. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್‌ ಮಿತಿ ಮೀರಿರುವುದುಂಟು.

ನಿಮ್ಮ ಕೆಲಸ ವಿದ್ಯುತ್ತನ್ನು ನಂಬಿರುವುದರಿಂದ ಅದರ ಲೆಕ್ಕವನ್ನೂ ಹಾಕೋಣ. ಕಂಪ್ರೆಸರ್ ಇರುವ ಚಿಕ್ಕ ಫ್ರಿಜ್ಜಿಗೆ ದಿನಕ್ಕೆ ಸುಮಾರು 500 ವ್ಯಾಟ್-ಅವರ್, 60 ವ್ಯಾಟಿನ ಲ್ಯಾಪ್‌ಟಾಪಿಗೆ ಐದು ಗಂಟೆಗೆ 300, ದೀಪ, ಫ್ಯಾನು, ನೀರಿನ ಪಂಪು, ಫೋನುಗಳಿಗೆ ಇನ್ನೊಂದಿನ್ನೂರು, ಒಟ್ಟು ಸಾವಿರ. 12.8 ವೋಲ್ಟಿನ, ನೂರು ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಇರುವುದು ಸುಮಾರು 1,280 ವ್ಯಾಟ್-ಅವರ್, ಅಂದರೆ ನಿಮಗೆ ಒಂದು ದಿನದ ಬಾಳು. ಆದ್ದರಿಂದ ಇನ್ನೂರು ಆಂಪಿಯರ್-ಅವರ್ ಇರಲಿ. ಸೀಸ-ಆಮ್ಲದ ಬ್ಯಾಟರಿ ಅಗ್ಗವಾದರೂ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರೆ ಅದರ ಆಯುಷ್ಯ ಬೇಗ ಕುಗ್ಗುತ್ತದೆ, ತೂಕವೂ ಎರಡು ಪಟ್ಟಿಗಿಂತ ಹೆಚ್ಚು. ಲಿಥಿಯಂನ ದೌರ್ಬಲ್ಯ ಒಂದೇ: ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು. ಹಾಗಾಗಿ ಅದನ್ನು ವಾಸದ ಬೆಚ್ಚನೆಯ ಭಾಗದಲ್ಲೇ ಇರಿಸಬೇಕು. ಚಾವಣಿಯ ಮೇಲಿನ ಸೋಲಾರ್ ಪ್ಯಾನೆಲ್ ಬೇಸಿಗೆಯಲ್ಲಿ ಬಹುಮಟ್ಟಿಗೆ ಸಾಕಾಗುತ್ತದೆ. ಮೋಡ ಕವಿದ ಮೂರನೆಯ ದಿನ ಅದನ್ನು ನೆಚ್ಚಿಕೊಂಡಿರಲಾಗದು. ಎಂಜಿನ್ ಓಡುವಾಗ ಬ್ಯಾಟರಿಗೆ ವಿದ್ಯುತ್ ಉಣಿಸುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಎರಡು ಗಂಟೆಯ ಪ್ರಯಾಣದಲ್ಲಿ 700 ವ್ಯಾಟ್-ಅವರ್‌ಗಿಂತ ಹೆಚ್ಚು ಮರಳಿ ಬರುತ್ತದೆ.

ಶೌಚದ ಬಗ್ಗೆ ಎರಡೇ ಮಾತು. ತೆಗೆದು ಖಾಲಿ ಮಾಡುವ ಚಿಕ್ಕ ಪೆಟ್ಟಿಗೆಯ ವ್ಯವಸ್ಥೆ ಒಬ್ಬರಿಗೆ ಸಾಕು. ಅದಕ್ಕೆಂದು ಪ್ರತ್ಯೇಕ ಕೋಣೆ ಕಟ್ಟಿಸಿ ಇದ್ದ ಜಾಗವನ್ನು ಕಳೆದುಕೊಳ್ಳಬೇಡಿ.

ಪ್ರಶ್ನೆ: ವ್ಯಾನಿನೊಳಗೆ ಒಲೆ ಹೊತ್ತಿಸುವುದು, ಹೀಟರ್ ಹಾಕಿಕೊಂಡು ಮಲಗುವುದು ನನಗೆ ಭಯ ಹುಟ್ಟಿಸುತ್ತದೆ. ಈ ಭಯ ಅತಿಯಾಯಿತೇ?

ಉತ್ತರ: ಅತಿಯಾಗಿಲ್ಲ, ಅದನ್ನು ಸರಿಯಾದ ಕಡೆಗೆ ತಿರುಗಿಸಬೇಕಷ್ಟೆ. ಡೀಸೆಲ್ ಹೀಟರುಗಳು ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊಗೆಯನ್ನೂ ಹೊರಗೇ ಬಿಡುತ್ತವೆ. ಸರಿಯಾಗಿ ಜೋಡಿಸಿದ್ದರೆ, ಹೊಗೆ ಕೊಳವೆಯ ಕೀಲುಗಳನ್ನು ಆಗಾಗ ಪರೀಕ್ಷಿಸುತ್ತಿದ್ದರೆ, ರಾತ್ರಿ ಅವುಗಳನ್ನು ಬಳಸಬಹುದು. ಒಳಗೇ ಉರಿಯುವ ಅಡುಗೆ ಒಲೆಯಿಂದ ವ್ಯಾನನ್ನು ಬೆಚ್ಚಗಾಗಿಸುವುದನ್ನು ಮಾತ್ರ ಎಂದೂ ಮಾಡಬಾರದು. ಅದರಿಂದ ಹೊರಡಬಹುದಾದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ, ಪಕ್ಕದಲ್ಲಿ ಎಬ್ಬಿಸುವವರೂ ಇಲ್ಲದ ನಿಮ್ಮಂಥವರಿಗೆ ಅದರ ಅಲಾರಂ ಮೊದಲ ಖರ್ಚಾಗಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲೇ ಸೇರಿಕೊಳ್ಳುತ್ತದೆ. ಅದರ ಅಲಾರಂ ನೆಲಕ್ಕೆ ಹತ್ತಿರವಿರಲಿ, ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿಯಿರಲಿ. ಶೀತ ಪ್ರದೇಶಗಳಿಗೆ ಹೋಗುವುದಾದರೆ ಇನ್ನೊಂದನ್ನು ನೆನಪಿಡಿ: ಸಿಲಿಂಡರಿನಲ್ಲಿ ಬರುವ ಅಡುಗೆ ಅನಿಲಗಳಲ್ಲಿ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಅನಿಲವಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಒದಗುತ್ತದೆ.

ಪ್ರಶ್ನೆ: ಬಳಸಿದ ವ್ಯಾನೊಂದನ್ನು ನೋಡಿ ಬಂದಿದ್ದೇನೆ. ಮೆಚ್ಚುಗೆಯಾಗಿದೆ. ಒಳಗೆ ಸ್ವಲ್ಪ ಮುಗ್ಗಲು ವಾಸನೆಯಿದೆ; ಕಿಟಕಿ ಮುಚ್ಚಿಟ್ಟಿದ್ದರಿಂದ ಹಾಗಾಗಿದೆ ಎಂದು ಮಾರುವವರು ಹೇಳುತ್ತಾರೆ.

ಉತ್ತರ: ಇರಬಹುದು. ಮಲಗಿದ ಒಬ್ಬರ ಉಸಿರಿನಿಂದಲೇ ಒಂದು ರಾತ್ರಿಗೆ ಲೋಟದಷ್ಟು ನೀರು ಆವಿಯಾಗಿ ಸೇರುತ್ತದೆ. ಗಾಳಿ ಆಡದಿದ್ದರೆ ಅದು ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ, ಹಲಗೆಯ ಹಿಂದೆ ಇಳಿದು, ಕಣ್ಣಿಗೆ ಕಾಣದ ಕಡೆ ತುಕ್ಕು ಹಿಡಿಸುತ್ತದೆ. ಹಾಗಾಗಿ ಹಾಸಿಗೆಯನ್ನು ಎತ್ತಿಸಿ ಅದರ ಅಡಿಯನ್ನು, ಚಾವಣಿಯ ಕಿಂಡಿಯ ಸುತ್ತಲನ್ನು, ಚಕ್ರದ ಮೇಲಿನ ಉಬ್ಬುಗಳ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿ. ಮಳೆ ಬಂದ ಮರುದಿನ, ಮುಂಚಿತವಾಗಿ ಬಹಳ ಹೇಳದೆ, ಇನ್ನೊಮ್ಮೆ ಹೋಗಿ. ಟೈರುಗಳ ಮಗ್ಗುಲಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಹೆಚ್ಚು ಓಡದೆ ನಿಂತ ವ್ಯಾನಿನ ಟೈರು ಹೊಸದರಂತೆ ಕಂಡರೂ ಹಳೆಯದಾಗಿರಬಹುದು. ಎಂಜಿನ್ನಿನೊಳಗಿನ ಭಾಗಗಳನ್ನು ಹೊಂದಿಸಿ ತಿರುಗಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ ದಾಖಲೆ ಕೇಳಿ. ಇಷ್ಟನ್ನೂ ತೋರಿಸಲು ಮಾರುವವರು ಒಪ್ಪಿದರೆ ಒಂದು ವಾರದ ಮಟ್ಟಿಗೆ ಅಂಥದೇ ಮಾದರಿಯನ್ನು ಬಾಡಿಗೆಗೆ ಪಡೆದು, ಅದರಲ್ಲಿ ಕೆಲಸ ಮಾಡಿ, ಮಲಗಿ, ಅಡುಗೆ ಮಾಡಿ ನೋಡಿದ ಮೇಲೆ ಮಾತುಕತೆಗೆ ಕೂರಿ. ಹಾಸಿಗೆ ಎತ್ತಲು ಒಪ್ಪದಿದ್ದರೆ, ಎಷ್ಟೇ ಮೆಚ್ಚುಗೆಯಾಗಿದ್ದರೂ, ಆ ವ್ಯಾನನ್ನು ಬಿಟ್ಟುಬಿಡಿ.