ಮೊದಲ ಬಿಲ್ಲು ಹಗುರ ಇರಲಿ, ಗುರಿ ಹತ್ತಿರ ಇರಲಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸುರಪುರ, ವಯಸ್ಸು 23. ಬಿಲ್ಲುಗಾರಿಕೆ ಕಲಿಯಬೇಕು ಅಂತ ಬಹಳ ಆಸೆ. ಬೇಡ ನಾಯಕರು ಆಳಿದ ಊರಲ್ಲಿದ್ದೂ ಕಲಿಸುವವರು ನನಗೆ ಸಿಕ್ಕಿಲ್ಲ. ಆನ್‌ಲೈನ್‌ನಲ್ಲಿ 40 ಪೌಂಡಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು ನೋಡಿಟ್ಟಿದ್ದೇನೆ. ಮನೆ ಹಿಂದಿನ ಶಹಾಬಾದ್ ಕಲ್ಲಿನ ಕಾಂಪೌಂಡಿಗೆ ಗುರಿಪಟ ಕಟ್ಟಿ ನಾನೇ ಕಲಿಯಬಹುದಾ?

ಉತ್ತರ: ಕಲಿಯಬಹುದು ತಮ್ಮಾ. ಆದರೆ ಆ ಬಿಲ್ಲು ಬೇಡ, ಆ ಗೋಡೆಯೂ ಬೇಡ.

40 ಪೌಂಡ್ ಅಂದರೆ ಬಿಲ್ಲಿನ ತೂಕವಲ್ಲ, ಹೆದೆ (ಬಿಲ್ಲಿನ ದಾರ) ಎಳೆಯಲು ಬೇಕಾದ ಬಲ, ಸುಮಾರು 18 ಕೆಜಿ ಎತ್ತಿದಷ್ಟು. ಅಷ್ಟನ್ನು ಮೂರು ಬೆರಳಲ್ಲಿ ಎಳೆದು ಅಲುಗದೆ ನಿಲ್ಲಬೇಕು, ಅದೂ ದಿನಕ್ಕೆ ಐವತ್ತು ಸಲ. ನನ್ನ ಹತ್ತಿರ ಬಂದ ಒಬ್ಬ ಹುಡುಗ ಹೀಗೇ ಭಾರದ ಬಿಲ್ಲು ತಂದಿದ್ದ. ಹತ್ತನೇ ಬಾಣಕ್ಕೆ ಭುಜ ಕಿವಿ ತನಕ ಏರಿತ್ತು, ಎಡಗೈ ನಡುಗುತ್ತಿತ್ತು, ಹೆದೆ ಬಿಡುವ ಮೊದಲೇ ಕಣ್ಣು ಮುಚ್ಚುತ್ತಿದ್ದ. ಆ ಚಟ ಬಿಡಿಸಲು ಆರು ತಿಂಗಳು ಹಿಡಿಯಿತು. ನೀವು 20 ಪೌಂಡಿನ ಆಸುಪಾಸಿನಲ್ಲಿ, ಬಿಚ್ಚಿ ಜೋಡಿಸುವಂಥ ಬಿಲ್ಲು ತಗೊಳ್ಳಿ. ಮುಂದೆ ಬಲ ಬಂದಾಗ ಲಿಂಬ್ (ಬಿಲ್ಲಿನ ಮೇಲಿನ, ಕೆಳಗಿನ ಬಾಗುವ ತೋಳು) ಮಾತ್ರ ಬದಲಿಸಿದರೆ ಆಯ್ತು.

ಕೊಳ್ಳುವ ಮುಂಚೆ ನಿಮ್ಮ ಮುಖ್ಯ ಕಣ್ಣು ಯಾವುದು ನೋಡಿಕೊಳ್ಳಿ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ದೂರದ ಕರೆಂಟ್ ಕಂಬದ ತುದಿ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಕಂಬ ಕಿಂಡಿಯಲ್ಲೇ ನಿಲ್ಲುತ್ತದೋ ಅದೇ. ಅದು ಬಲಗಣ್ಣಾದರೆ ಬಿಲ್ಲು ಎಡಗೈಗೆ, ಹೆದೆ ಬಲಗೈಗೆ.

ಇನ್ನು ಗೋಡೆ. ಕಲ್ಲಿಗೆ ಬಡಿದ ಬಾಣ ವಾಪಸ್ ಹಾರಬಹುದು, ಇಲ್ಲವೇ ಒಳಗೇ ಸೀಳಬಹುದು. ಸೀಳಿದ ಕಾರ್ಬನ್ ಬಾಣ ಮುಂದಿನ ಸಲ ಕೈಯಲ್ಲೇ ಮುರಿಯಬಹುದು, ಚೂರು ಅಂಗೈಗೆ ಹೊಕ್ಕಬಹುದು. ಅದಕ್ಕೇ ಎಲ್ಲಾದರೂ ಗಟ್ಟಿಯಾಗಿ ಬಡಿದ ಬಾಣವನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ. ಚಿಟಿಚಿಟಿ ಅಂದರೆ ಮುರಿದು ಎಸೆಯಿರಿ. ಗೋಣಿ ಚೀಲಕ್ಕೆ ಹಳೇ ಸೀರೆ, ಅಂಗಿ ಗಿಡಿದು ತುಂಬಿ, ಗುಂಡಿ, ಜಿಪ್ ಕಿತ್ತು ಹಾಕಿ. ಹೊಲದಲ್ಲಿ, ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವ ಕಡೆ, ಜನ, ದನ ಓಡಾಡದ ದಿಕ್ಕಿಗೆ ನಿಲ್ಲಿಸಿ.

ಒಲಿಂಪಿಕ್‌ನಲ್ಲಿ 70 ಮೀಟರ್ ದೂರದಿಂದ ಹೊಡೆಯುವುದು ನೋಡಿ ಎಲ್ಲರೂ ದೂರ ನಿಲ್ಲುತ್ತಾರೆ. ನೀವು ನಾಲ್ಕೈದು ಹೆಜ್ಜೆ ದೂರ ನಿಂತರೆ ಸಾಕು. ಮೊದಲ ಎರಡು ವಾರ ಚೀಲದ ಮೇಲೆ ಗುರಿಪಟವೇ ಬೇಡ. ಗುರಿ ಕಂಡರೆ ಮನಸ್ಸು ಅಲ್ಲಿಗೇ ಓಡುತ್ತದೆ, ಕೈ ಏನು ಮಾಡ್ತಿದೆ ಅಂತ ಗೊತ್ತೇ ಆಗೋದಿಲ್ಲ. ನೀವು ಗಮನಿಸಬೇಕಾದದ್ದು ಇಷ್ಟೇ: ಎಳೆದ ಕೈಯ ತೋರುಬೆರಳು ಗದ್ದದ ಕೆಳಗೆ ಒತ್ತಿ ಕೂತಿದೆಯಾ, ಹೆದೆ ಮೂಗಿನ ತುದಿಗೆ ತಾಗಿದೆಯಾ, ಪ್ರತಿ ಸಲ ಅದೇ ಜಾಗಕ್ಕೆ ಬರುತ್ತಿದೆಯಾ. ಬಿಲ್ಲನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ, ಹೆಬ್ಬೆರಳಿನ ಬುಡಕ್ಕೆ ಒರಗಿಸಿ. ಬಿಟ್ಟಾಗ ಬೀಳುತ್ತದೆ ಅನ್ನೋ ಭಯಕ್ಕೆ ಶೂ ಲೇಸನ್ನು ಬಿಲ್ಲಿನ ಮುಂದಿನಿಂದ ತಂದು ಬೆರಳಿಗೆ ಕಟ್ಟಿಕೊಳ್ಳಿ. ಬಿಲ್ಲು ಹಿಡಿದ ಕೈಯ ಮುಂಗೈಗೆ ಗಾರ್ಡ್ ಹಾಕಿ, ಹೆದೆಯ ಏಟು ಒಂದು ಸಲ ಬಿದ್ದರೆ ಆಮೇಲೆ ಕೈ ತಾನೇ ಹಿಂಜರಿಯುತ್ತದೆ.

ಕಲಿಸುವವರಿಲ್ಲ ಅಂದಿರಲ್ಲಾ, ಮೊಬೈಲನ್ನು ಪಕ್ಕದಲ್ಲಿಟ್ಟು ವಿಡಿಯೋ ಮಾಡಿ. ಭುಜ ಏರುವುದು ನಿಮಗೇ ಕಾಣುತ್ತದೆ. ಆದರೂ ಒಂದೆರಡು ತಿಂಗಳಾದ ಮೇಲೆ ಬಲ್ಲವರೊಬ್ಬರಿಗೆ ತೋರಿಸಿಕೊಂಡು ಬನ್ನಿ.

ಮತ್ತೆ, ಬಾಣ ಹೂಡದೆ ಸುಮ್ನೆ ಹೆದೆ ಎಳೆದು ಬಿಡಬೇಡಿ, ಗೆಳೆಯರ ಕೈಗೂ ಕೊಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿ ಎಲ್ಲಾ ಲಿಂಬ್‌ಗೇ ಬಡಿದು ಅದು ಸೀಳಬಹುದು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಕಾರೊಳಗೂ ಇಡಬೇಡಿ, ಹೆದೆ ಇಳಿಸಿ ಮನೆಯೊಳಗೆ ತಂಪಲ್ಲಿ ಇಡಿ.